ಎಡಗಣ್ಣಿನ ಬಣ್ಣ

ಕಲಬುರಗಿಯ ಡಾಕ್ಟರಮ್ಮ ಫೋನು ಮಾಡಿದಾಗ ನಾನು ವಾಡಿಯ ನನ್ನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತ ಒಬ್ಬಳೇ ಕೂತಿದ್ದೆ. ಸಣ್ಣ ವಸ್ತುವನ್ನು ತೀರ ಹತ್ತಿರದಿಂದ ತೆಗೆಯುವ ಲೆನ್ಸು ಇದೆಯೇ ಎಂದು ಕೇಳಿದರು. ಇದೆ ಅಂದೆ. ಮದುವೆಗಳಲ್ಲಿ ಉಂಗುರ, ಮೂಗುತಿ, ತಾಳಿ ತೆಗೆಯಲು ಕೊಂಡದ್ದು.

"ಹಂಗಾದ್ರ ಒಬ್ಬ ಹೆಣ್ಮಗಳನ್ನ ನಿಮ್ಮ ಕಡೆ ಕಳಸ್ತೀನಿ. ಆಕಿ ಬಲಗಣ್ಣಿನ ಬಣ್ಣ ನನಗ ಬರೋಬರಿ ಬೇಕ್ರಿ. ಫೋಟೊ ಚಂದ ಇರಬೇಕಂತಿಲ್ಲ, ಖರೆ ಇರಬೇಕು."

ಫೋಟೊ ಚಂದ ಇರಬೇಕಿಲ್ಲ ಎಂದು ನನಗೆ ಹೇಳಿದವರು ಇವತ್ತಿನವರೆಗೆ ಅವರೊಬ್ಬರೇ. ಚಿತಾಪುರದಿಂದ ಚಿಂಚೋಳಿಯವರೆಗೆ ನಾನು ತೆಗೆದ ಮದುವೆಗಳಲ್ಲಿ ಒಬ್ಬ ವಧುವಿನ ತಾಯಿಯೂ ಮಗಳು ಇರುವ ಹಾಗೇ ಬರಲಿ ಅಂದದ್ದಿಲ್ಲ. ಹಾಗಾಗಿ ಆ ಮಾತಿಗೇ ಮನಸೋತು ಕೆಲಸ ಒಪ್ಪಿಕೊಂಡೆ.

ಡಾಕ್ಟರಮ್ಮ ಹಲ್ಲಿನ ಡಾಕ್ಟರು. ಕಟ್ಟಿದ ಹಲ್ಲು ಮಾಡುವ ಕೈಯೇ ಕಳೆದುಹೋದ ಕಣ್ಣನ್ನೂ ಮಾಡಿ ಕೂರಿಸುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಡಬ್ಬಿಯಲ್ಲಿ ತಯಾರಾಗಿ ಬರುವ ಕಣ್ಣುಗಳೂ ಇವೆಯಂತೆ. ಆದರೆ ಅವುಗಳ ಕಂದು ಒಂದೇ ನಮೂನೆಯದು, ನಮ್ಮವರ ಮುಖದಲ್ಲಿ ಬೇರೆ ಕಾಣುತ್ತದೆ. ಅದಕ್ಕೆ ಅವರು ಒಂದು ದಾರಿ ಹಿಡಿದಿದ್ದರು. ಉಳಿದ ಕಣ್ಣಿನ ಫೋಟೊ ತೆಗೆಸಿ, ಪಾಪೆ ಮತ್ತು ಅದರ ಸುತ್ತಲಿನ ಬಣ್ಣವನ್ನು ಅಸಲಿ ಅಳತೆಯಲ್ಲಿ ಪ್ರಿಂಟ್ ಮಾಡಿಸಿ, ಅಂಗಿಯ ಗುಂಡಿಯಷ್ಟು ಬಿಲ್ಲೆ ಕತ್ತರಿಸಿ, ಬಿಳಿ ಅಕ್ರಿಲಿಕ್ ಗುಡ್ಡೆಗೆ ಅಂಟಿಸಿ ಮೇಲೆ ಪಾರದರ್ಶಕ ಅಕ್ರಿಲಿಕ್ ಹೊದಿಸುವುದು. ಮನೆಯ ಪ್ರಿಂಟರಿನಲ್ಲಿ ತೆಗೆದರೆ ಅಕ್ರಿಲಿಕ್ಕಿನ ದ್ರವ ತಾಗಿದ ಕೂಡಲೇ ಶಾಯಿ ಹರಡಿಬಿಡುತ್ತದೆ. ಲ್ಯಾಬಿನಲ್ಲಿ ಬೆಳಕು, ರಸಾಯನ ತಾಗಿ ಮೂಡುವ ಪ್ರಿಂಟು ತಡೆದುಕೊಳ್ಳುತ್ತದೆ. ಅಂದರೆ ಮದುವೆ ಆಲ್ಬಮ್ಮು ಹೊಡೆಯುವ ಲ್ಯಾಬುಗಳನ್ನೇ ನಂಬಬೇಕಿತ್ತು.

ಹೇಳಿದ ದಿನ ಆಕೆ ಶಹಾಬಾದದಿಂದ ಬಂದಳು. ನನಗಿಂತ ನಾಲ್ಕಾರು ವರ್ಷ ಚಿಕ್ಕವಳಿರಬೇಕು. ಮುಖದ ಅರ್ಧ ಮುಚ್ಚುವ ಕಪ್ಪು ಕನ್ನಡಕ. ಕಲ್ಲಿನ ಪಾಲಿಶ್ ಕಾರ್ಖಾನೆಯಲ್ಲಿ ಕೆಲಸ. ಕತ್ತರಿಸುವಾಗ ಸಿಡಿದ ಚಕ್ಕೆಯೊಂದು ಎಡಗಣ್ಣನ್ನು ಕೆಡಿಸಿ, ಕಡೆಗೆ ಅದನ್ನು ತೆಗೆಯಬೇಕಾಗಿ ಬಂದಿತ್ತು. ಅದನ್ನೆಲ್ಲ ಆಕೆ ನಿಂತುಕೊಂಡೇ ಹೇಳಿ ಮುಗಿಸಿದಳು.

"ಕುಂದ್ರಿ" ಅಂದೆ. ಕೂತಳು.

"ಮೊದಲ ನಾ ಗೇಟಿನ ಮುಂದ ನಿಲ್ತಿದ್ದೆ ರೀ. ಗಿರಾಕಿಗೆ ಫರ್ಸಿ ಕಲ್ಲು ತೋರಸೂದು, ಅಳತಿ ಹೇಳೂದು ನನ್ನ ಕೆಲಸ. ಈಗ ಹಿಂದ ಹಾಕ್ಯಾರ, ಒಡದ ತುಂಡು ಆರಿಸ್ಲಿಕ್ಕ. ಮಾಲಕ ಕೆಟ್ಟವ ಅಲ್ಲ. ಗಿರಾಕಿ ಮಾರಿ ತಿರುವ್ತಾರ ಅಂತಾನ."

"ಕನ್ನಡಕ ಹಾಕ್ಕೊಂಡು ನಿಂತ್ರ?"

"ಹಾಕ್ಕೊಂಡ್ರನೂ ಗೊತ್ತಾಗ್ತದ ರೀ. ನನ್ನ ಕೂಡ ಮಾತಾಡವ್ರು ನನ್ನ ಹೆಗಲ ನೋಡಿ ಮಾತಾಡ್ತಾರ. ಇಲ್ಲಂದ್ರ ಬಾಜೂದಾಕಿನ್ನ ನೋಡಿ. ಒಂದು ವರ್ಷದ ಮ್ಯಾಲಾತು, ನನ್ನ ಕಣ್ಣಾಗ ಕಣ್ಣಿಟ್ಟು ಯಾರೂ ಮಾತಾಡಿಲ್ಲ."

ನಾನು ಸ್ಟೂಲಿನ ಎತ್ತರ ಸರಿಮಾಡತೊಡಗಿದೆ.

ಕಣ್ಣಿನ ಫೋಟೊ ತೆಗೆಯುವುದು ಮೂಗುತಿಯ ಫೋಟೊ ತೆಗೆದಷ್ಟು ಸುಲಭವಲ್ಲ. ಕಣ್ಣು ಕನ್ನಡಿ. ಎದುರಿನ ಕಿಟಕಿ, ಬಾಗಿಲು, ಕ್ಯಾಮೆರಾ, ನನ್ನ ಮೂಗು, ಎಲ್ಲ ಅದರಲ್ಲಿ ಕಾಣುತ್ತವೆ. ಫ್ಲ್ಯಾಶಿನ ಮುಂದೊಂದು, ಲೆನ್ಸಿನ ಮುಂದೊಂದು ಪೋಲರೈಸರ್ ಹಾಳೆ ಇಟ್ಟು, ಒಂದನ್ನು ಮೆಲ್ಲಗೆ ತಿರುಗಿಸುತ್ತ ಹೋದರೆ ಆ ಹೊಳಪು ಆರಿ ಒಳಗಿನ ಬಣ್ಣ ಮೇಲೆ ಬರುತ್ತದೆ. ಕೋಣೆ ತೀರ ಕತ್ತಲಾದರೆ ಪಾಪೆ ಹಿಗ್ಗುತ್ತದೆ, ಬೆಳಕು ಜಾಸ್ತಿಯಾದರೆ ಕುಗ್ಗುತ್ತದೆ. ಡಾಕ್ಟರಮ್ಮ ಹೇಳಿದ ನಡುವಿನ ಅಳತೆ ಬರುವವರೆಗೆ ಬಾಗಿಲ ಪರದೆಯನ್ನು ಅತ್ತ ಇತ್ತ ಸರಿಸಿದೆ. ಗದ್ದ ಅಲುಗದಂತೆ ಸ್ಟೂಲಿನ ಮುಂದೆ ಹಲಗೆ ಕಟ್ಟಿ, ಅದರ ಮೇಲೆ ಮಡಿಚಿದ ಟವಲು ಇಟ್ಟೆ. ಆಮೇಲೆ ಗಲ್ಲದ ಪಕ್ಕದಲ್ಲಿ, ಫ್ರೇಮಿನ ಅಂಚಿಗೆ ಬರುವ ಹಾಗೆ, ನನ್ನ ಕಲ್ಲಿನ ತುಂಡನ್ನು ಹಿಡಿದೆ.

ಆ ತುಂಡಿನ ಬಗ್ಗೆ ಹೇಳಬೇಕು. ಯಾವ ಬೆಳಕಿಗೂ ತನ್ನದೊಂದು ಬಣ್ಣ ಇರುತ್ತದೆ. ಬಣ್ಣವೇ ಇಲ್ಲದ ಬೂದು ಯಾವುದು ಎಂದು ಕ್ಯಾಮೆರಾಗೆ ತೋರಿಸಿಕೊಟ್ಟರೆ, ಅದು ಆ ಬೂದನ್ನು ಆಧಾರ ಮಾಡಿಕೊಂಡು ಉಳಿದ ಬಣ್ಣಗಳನ್ನು ಜಾಗಕ್ಕೆ ತರುತ್ತದೆ. ಅದಕ್ಕೆಂದೇ ತಯಾರಾದ ಬೂದು ಕಾರ್ಡು ಸಿಗುತ್ತದೆ. ನಮ್ಮ ಕಡೆಯ ಫೋಟೊಗ್ರಾಫರು ಯಾರೂ ಅದನ್ನು ಕೊಂಡವರಲ್ಲ. ಅಂಗೈಯಷ್ಟು ಪಾಲಿಶ್ ಮಾಡಿದ ಶಹಾಬಾದ ಕಲ್ಲು ಎಲ್ಲರ ಬ್ಯಾಗಿನಲ್ಲೂ ಇರುತ್ತದೆ. ನಾವು ಹುಟ್ಟಿದ್ದು ಅದೇ ಕಲ್ಲು ಹಾಸಿದ ನೆಲದ ಮೇಲೆ. ಬಟ್ಟೆ ಒಗೆಯುವ ಕಲ್ಲು ಅದು, ಅಡುಗೆ ಕಟ್ಟೆ ಅದು, ಗೋಡೆ, ಮೆಟ್ಟಿಲು, ಸಂಡಾಸಿನ ಬಾಗಿಲ ಚೌಕಟ್ಟೂ ಅದೇ. ಬೂದು ಅಂದರೆ ನಮಗೆ ಅದೇ ಬಣ್ಣ. ನಮ್ಮಪ್ಪ ಈ ಸ್ಟುಡಿಯೋ ನಡೆಸುತ್ತಿದ್ದಾಗಿನ ತುಂಡೇ ನನ್ನ ಬ್ಯಾಗಿನಲ್ಲಿತ್ತು.

"ನನ್ನ ಲೆನ್ಸಿನ ಒಳಗ ನೋಡ್ರಿ. ಕಣ್ಣು ಮಿಟಕಸಬ್ಯಾಡ್ರಿ" ಅಂದೆ.

ಆಕೆ ನೋಡಿದಳು. ವ್ಯೂಫೈಂಡರಿನಲ್ಲಿ ಆ ಕಣ್ಣೊಂದೇ ತುಂಬಿಕೊಂಡಿತು. ನಾವು ಸುಮ್ಮನೆ ಕರಿ ಕಣ್ಣು ಅಂದುಬಿಡುತ್ತೇವೆ. ಅದು ಕರಿಯಲ್ಲ. ಪಾಪೆಯ ಹತ್ತಿರ ಹುರಿದ ತೊಗರಿಬೇಳೆಯ ಕಂದು, ಹೊರಗೆ ಹೋಗುತ್ತ ಗಟ್ಟಿಯಾಗಿ, ಅಂಚಿನಲ್ಲಿ ಹೊಗೆ ಹಿಡಿದ ಹಾಗೆ ಕಪ್ಪು. ಕೆಳಭಾಗದಲ್ಲಿ ಒಂದು ಸಣ್ಣ ಚುಕ್ಕೆ. ಎಷ್ಟು ಹೊತ್ತು ನೋಡಿದೆನೋ, ಆಕೆಯ ಕಣ್ಣಲ್ಲಿ ನೀರು ಬಂದಾಗಲೇ ಕ್ಯಾಮೆರಾ ಕೆಳಗಿಟ್ಟೆ. ನನಗೂ ಯಾರ ಕಣ್ಣನ್ನಾದರೂ ಅಷ್ಟು ಹೊತ್ತು ನೋಡಿ ಎಷ್ಟು ವರ್ಷವಾಗಿತ್ತೋ. ಮದುವೆಯಾಗಲಿಲ್ಲ, ಅಪ್ಪ ಹೋದ ಮೇಲೆ ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಒಬ್ಬಳೇ. ಊರ ಜನರ ಮುಖಗಳನ್ನೆಲ್ಲ ನಾನು ಬಲ್ಲೆ, ಕ್ಯಾಮೆರಾ ಹಿಂದಿನ ನನ್ನ ಮುಖವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಇದನ್ನು ದೂರು ಅಂತ ಹೇಳುತ್ತಿಲ್ಲ. ಒಬ್ಬಂಟಿತನ ನನಗೆ ಹೊಸದಲ್ಲ, ಆದರೆ ಅದು ಇದೆ.

ಫೈಲನ್ನು ಅಸಲಿ ಅಳತೆಗೆ ತಂದು, ಒಂದೇ ಹಾಳೆಯಲ್ಲಿ ಕೆಲವು ಬಿಲ್ಲೆಗಳನ್ನು ಜೋಡಿಸಿ, ಅಂಚಿಗೆ ಕಲ್ಲಿನ ಚಿತ್ರವನ್ನೂ ಉಳಿಸಿ, ಎಂದಿನ ಕಲಬುರಗಿ ಲ್ಯಾಬಿಗೆ ಕಳಿಸಿದೆ. ಬಂದ ಲಕೋಟೆ ಒಡೆದು ನೋಡಿದರೆ ಒಳಗೆ ಬೆಕ್ಕಿನ ಕಣ್ಣು. ತೊಗರಿಬೇಳೆಯ ಕಂದು ಜೇನುತುಪ್ಪವಾಗಿತ್ತು, ಬಿಳಿ ಭಾಗ ನೀಲಿಗೆ ತಿರುಗಿತ್ತು. ಕಾರಣ ಊಹಿಸುವುದು ಕಷ್ಟವಿರಲಿಲ್ಲ. ಲ್ಯಾಬಿನ ಮಷೀನಿಗೆ ಆಟೋ ಕರೆಕ್ಷನ್ ಎಂಬ ಚಟ ಇದೆ. ಹಾಳೆ ತುಂಬ ಗಾಢ ಕಂದು ಕಂಡರೆ, ಪಾಪ ಫೋಟೊ ಕತ್ತಲಾಗಿದೆ ಎಂದು ತಾನೇ ತಿಳಿದು ಬೆಳ್ಳಗೆ ಮಾಡಿಬಿಡುತ್ತದೆ. ವಧುಗಳನ್ನು ಬೆಳ್ಳಗೆ ಮಾಡಿ ಮಾಡಿ ಅದಕ್ಕೆ ಅದೇ ರೂಢಿ.

ರೈಲು ಹತ್ತಿ ಲ್ಯಾಬಿಗೆ ಹೋದೆ. ಅಲ್ಲಿನ ಆಪರೇಟರ್ ಬಹಳ ವರ್ಷದ ಪರಿಚಯ, ಆದರೆ ಫೋನಿನಲ್ಲಿ ಮಾತ್ರ. ಕರೆಕ್ಷನ್ ಎಲ್ಲ ಬಂದ್ ಮಾಡಿ, ಫೈಲು ಹೇಗಿದೆಯೋ ಹಾಗೇ ಹೊಡೆದು ಕೊಡಿ ಅಂದೆ.

"ಬಂದ್ ಮಾಡ್ತೀನ್ರಿ ಮೇಡಂ. ಆದ್ರ ಆಮ್ಯಾಲ ಫೋಟೊ ಕೆಟ್ಟ ಬಂತಂತ ನನಗ ಬೈಬ್ಯಾಡ್ರಿ."

"ನನ್ನ ಫೈಲ್ ಬರೋಬರಿ ಅದ. ನಿಮ್ಮ ಮಷೀನಿಗಷ್ಟು ತಲಿ ಓಡಸಬ್ಯಾಡ ಅಂತ ಹೇಳ್ರಿ."

ಹೊಡೆದುಕೊಟ್ಟ. ಈ ಸಲ ಬೆಕ್ಕಿನ ಕಣ್ಣಲ್ಲ, ಗಾಢವಾಗಿ ಬಂದಿತ್ತು. ಹೊರಗೆ ಬಂದು ಬಿಸಿಲ ಮರೆಯಲ್ಲಿ ನೋಡಿದರೆ ಕೆಂಪು. ಇಟ್ಟಿಗೆಯ ಪುಡಿ ಕಲಸಿದ ಹಾಗಿನ ಕೆಂಪು. ಒಳಗೆ ಹೋಗಿ ಬೈದೆ. ಬೈಯಬೇಡಿ ಎಂದು ಮೊದಲೇ ಕೇಳಿಕೊಂಡಿದ್ದವನನ್ನು ನಾಲ್ಕು ಗಿರಾಕಿಗಳ ಎದುರು ಬೈದೆ. ರಸಾಯನ ಹಳೆಯದಿದೆ, ಮಷೀನು ಕೆಟ್ಟಿದೆ, ಹಾಳೆ ಸರಿಯಿಲ್ಲ ಎಂದೆಲ್ಲ ಹೇಳಿದೆ. ಅವನು ಕೌಂಟರ್ ಒರೆಸುತ್ತ ನಿಂತಿದ್ದ.

ಅಲ್ಲಿಂದ ಶುರುವಾಯಿತು ನನ್ನ ಲ್ಯಾಬ್ ಯಾತ್ರೆ. ವಾಡಿ ಜಂಕ್ಷನ್ನಿನಲ್ಲಿ ಇರುವುದರ ಒಂದು ಸುಖ ಎಂದರೆ ಯಾವ ಕಡೆಗೂ ರೈಲು ಸಿಗುತ್ತದೆ. ಹೈದರಾಬಾದಿನ ದೊಡ್ಡ ಲ್ಯಾಬಿಗೆ ಹೋದೆ. ಗಾಜಿನ ಗೋಡೆ, ಏಸಿ, ಟೋಕನ್ನು. ಅಲ್ಲೂ ಕರೆಕ್ಷನ್ ಬೇಡ ಅಂದೆ. ಕೆಂಪು ಬಂತು. ಸೋಲಾಪುರದ ಲ್ಯಾಬಿಗೆ ಹೋದೆ. ಆ ಕೆಂಪು ಸ್ವಲ್ಪ ಹಳದಿಗೆ ವಾಲಿತ್ತು, ಆದರೂ ಕೆಂಪೇ. ವಾಪಸು ಬರುವ ರೈಲಿನಲ್ಲಿ ಮಡಿಲ ಮೇಲೆ ಮೂರೂ ಊರಿನ ಪ್ರಿಂಟುಗಳನ್ನಿಟ್ಟುಕೊಂಡು, ದೇಶದ ಲ್ಯಾಬುಗಳೆಲ್ಲ ಸೇರಿ ನನ್ನೊಬ್ಬಳ ವಿರುದ್ಧ ಸಂಚು ಮಾಡಿವೆ ಎಂಬಂತೆ ಕೂತಿದ್ದೆ. ಎದುರಿನ ಸೀಟಿನ ಮುದುಕಿ ಆ ಹಾಳೆಯ ತುಂಬ ಕಣ್ಣುಗಳನ್ನು ನೋಡಿ ಸೆರಗು ಎಳೆದುಕೊಂಡು ಕಿಟಕಿಯ ಕಡೆ ಸರಿದಳು.

ಮನೆಗೆ ಬಂದರೆ ಮತ್ತೆ ಅದೇ ಕಣ್ಣು. ಕಂಪ್ಯೂಟರಿನ ಪರದೆಯ ಮೇಲೆ ಅದನ್ನು ದೊಡ್ಡದು ಮಾಡಿ ಇಟ್ಟುಕೊಂಡು, ತಟ್ಟೆ ಪಕ್ಕದಲ್ಲಿಟ್ಟುಕೊಂಡು ಸಂಜೆಯ ಊಟ ಮಾಡುತ್ತಿದ್ದೆ. ಎಳೆ ಎಳೆ ಪರಿಚಯವಾಗಿತ್ತು. ಮಾತಾಡದ ಅತಿಥಿಯೊಬ್ಬರು ಮನೆಗೆ ಬಂದಿದ್ದಂತೆ ಇತ್ತು ಎಂದರೆ ನಗಬೇಡಿ. ಪರದೆಯ ಮೇಲೆ ಬಣ್ಣ ಸರಿಯಾಗಿಯೇ ಕಾಣುತ್ತಿತ್ತು. ಕಣ್ಣೊಂದೇ ತುಂಬಿಕೊಂಡಿರುವಾಗ ಪಕ್ಕದಲ್ಲಿಟ್ಟು ಹೋಲಿಸಲು ಬೇರೇನೂ ಇರುವುದಿಲ್ಲ. ನೋಡುತ್ತ ನೋಡುತ್ತ ಯಾವ ಬಣ್ಣವೂ ಸರಿ ಅನಿಸತೊಡಗುತ್ತದೆ.

ಡಾಕ್ಟರಮ್ಮ ಮೂರರಲ್ಲಿ ಕಡಿಮೆ ಕೆಂಪಿದ್ದ ಪ್ರಿಂಟು ಆರಿಸಿ ಒಂದು ಕಣ್ಣು ಮಾಡಿಯೇಬಿಟ್ಟರು. ಹೊದಿಕೆ ಬಿದ್ದ ಮೇಲೆ ಸ್ವಲ್ಪ ಗಾಢವಾಗುತ್ತದೆ, ಸರಿಹೋಗಬಹುದು ಎಂಬ ಆಸೆ. ಕೂರಿಸುವ ದಿನ ನಾನೂ ಹೋಗಿದ್ದೆ. ಟ್ಯೂಬ್‌ಲೈಟಿನ ಕೆಳಗೆ ನಡೆಯಬಹುದು ಅನಿಸಿತು. ಡಾಕ್ಟರಮ್ಮ ಕನ್ನಡಿ ಕೊಟ್ಟರು. ಆಕೆ ಅದನ್ನು ತೆಗೆದುಕೊಂಡು ಕಿಟಕಿಯ ಹತ್ತಿರ ಹೋದಳು. ಬಹಳ ಹೊತ್ತು ತಿರುಗಲೇ ಇಲ್ಲ.

"ಇದು ಯಾರದೋ ಕಣ್ಣದ ರೀ" ಅಂದಳು.

ಹಗಲ ಬೆಳಕಿನಲ್ಲಿ ಎಡಗಣ್ಣು ಕೆಂಪಗೆ, ಕುಡಿದವರ ಕಣ್ಣಿನಂತೆ ಕಾಣುತ್ತಿತ್ತು. ಆಕೆ ಅದನ್ನು ತೆಗೆಸಿ ಮೇಜಿನ ಮೇಲೆ ಇಟ್ಟು, ಕನ್ನಡಕ ಹಾಕಿಕೊಂಡಳು.

"ನೀವಿಬ್ಬರೂ ಭಾಳ ತ್ರಾಸ ತಗೊಂಡ್ರಿ. ಸಾಕು ಬಿಡ್ರಿ. ಹಿಂದ ಕುಂತು ತುಂಡು ಆರಿಸೂದು ರೂಢಿ ಆಗ್ಯದ."

ನನಗೆ ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಆಕೆ ನನ್ನ ಮುಖ ನೋಡದೆ ಹೊರಟು ಹೋದದ್ದು ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಮುಂದಿನ ವಾರ ಸೇಡಂನಲ್ಲಿ ಒಂದು ನಿಶ್ಚಿತಾರ್ಥ ಮುಗಿಸಿ ವಾಪಸಾಗುವಾಗ ನಾನು ವಾಡಿಯಲ್ಲಿ ಇಳಿಯದೆ ನೇರ ಶಹಾಬಾದಕ್ಕೆ ಹೋದೆ. ಇನ್ನೊಮ್ಮೆ ಕೂರಲು ಒಪ್ಪಿಸಬೇಕು, ಲ್ಯಾಬುಗಳು ಹೇಗೆ ಕೆಡಿಸಿವೆ ಎಂದು ತೋರಿಸಬೇಕು ಎಂದು ಮೂರೂ ಪ್ರಿಂಟು ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ಕಾರ್ಖಾನೆಯ ಗೇಟಿನಲ್ಲಿ ಒಬ್ಬ ಗಂಡಸು ಗಿರಾಕಿಗೆ ಕಲ್ಲು ತೋರಿಸುತ್ತಿದ್ದ. ಆಕೆ ಹಿಂದೆ, ಮಷೀನಿನ ನೀರು ಹರಿದುಹೋಗುವ ಕಾಲುವೆಯ ಪಕ್ಕ, ಒಡೆದ ತುಂಡುಗಳ ನಡುವೆ ಕೂತಿದ್ದಳು. ನನ್ನನ್ನು ಕಂಡು ಎದ್ದು ಒಂದು ಫರ್ಸಿಯ ಅಟ್ಟಿಯ ಮೇಲಿನ ಧೂಳು ಸೆರಗಿನಿಂದ ಒರೆಸಿ, "ಬರ್ರಿ, ಕುಂದ್ರಿ" ಅಂದಳು.

ಕೂತು, ಪ್ರಿಂಟುಗಳನ್ನು ತೆಗೆದು ಫರ್ಸಿಯ ಮೇಲೆ ಸಾಲಾಗಿ ಇಟ್ಟೆ. "ನೋಡ್ರಿ, ಇದು ಕಲಬುರಗಿದು, ಇದು ಹೈದರಾಬಾದದು..." ಎಂದು ಶುರು ಮಾಡಿದವಳು ಅಲ್ಲಿಗೇ ನಿಂತೆ. ಮೂರೂ ಪ್ರಿಂಟಿನ ಅಂಚಿನಲ್ಲಿ ನನ್ನ ಕಲ್ಲಿನ ತುಂಡಿನ ಚಿತ್ರವಿತ್ತು. ಮೂರರಲ್ಲೂ ಅದು ಒಲೆಯ ಬೂದಿಯಂತೆ ಸಪ್ಪೆ ಬೂದು. ಪ್ರಿಂಟುಗಳ ಕೆಳಗೆ ಅದೇ ಕಲ್ಲಿನ ಫರ್ಸಿ ಇತ್ತು. ಅದು ಆ ಬಣ್ಣದ್ದಾಗಿರಲಿಲ್ಲ. ಹಸಿರು ಬೆರೆತ ನೀಲಿಯ ಒಂದು ಛಾಯೆ ಅದರಲ್ಲಿತ್ತು. ತಲೆ ಎತ್ತಿ ನೋಡಿದೆ. ಸುತ್ತ ನಿಲ್ಲಿಸಿದ್ದ ನೂರಾರು ಕಲ್ಲುಗಳಲ್ಲೂ ಇತ್ತು. ನೀರು ಬಿದ್ದಲ್ಲಿ ಇನ್ನೂ ಎದ್ದು ಕಾಣುತ್ತಿತ್ತು. ನಲವತ್ತು ದಾಟಿದ ಬದುಕಿನಲ್ಲಿ ದಿನವೂ ತುಳಿದ ಕಲ್ಲು. ಅದಕ್ಕೆ ಬಣ್ಣವಿದೆ ಎಂದು ನನಗೆ ಅವತ್ತೇ ಕಂಡದ್ದು.

ಮೂರು ಊರಿನ ಮೂರು ಮಷೀನುಗಳು ಸೇರಿ ಒಂದೇ ಸುಳ್ಳು ಹೇಳುವುದಿಲ್ಲ. ಹಸಿರು-ನೀಲಿ ಇರುವ ಕಲ್ಲನ್ನು ತೋರಿಸಿ ಇದರಲ್ಲಿ ಬಣ್ಣವೇ ಇಲ್ಲ ಎಂದು ಕ್ಯಾಮೆರಾಗೆ ಹೇಳಿದವಳು ನಾನು. ಅದು ನಂಬಿ, ಆ ಹಸಿರು-ನೀಲಿಯನ್ನು ತೆಗೆಯಲು ಎಲ್ಲದಕ್ಕೂ ಕೆಂಪು ಬೆರೆಸಿತ್ತು. ಹಾಗಾದರೆ ಇಷ್ಟು ವರ್ಷದ ಮದುವೆ ಆಲ್ಬಮ್ಮುಗಳು ಹೇಗೆ ಸರಿ ಬಂದವು? ಲ್ಯಾಬಿನ ಆಟೋ ಕರೆಕ್ಷನ್ ನನ್ನ ತಪ್ಪನ್ನು ಸದ್ದಿಲ್ಲದೆ ತೊಳೆದು ಕೊಡುತ್ತಿತ್ತು. ನಾನು ಹೋಗಿ ಆ ತೊಳೆಯುವುದನ್ನೇ ಬೈದು ನಿಲ್ಲಿಸಿದ್ದೆ.

"ಏನಾತ್ರಿ? ಯಾಕ ಸುಮ್ಮನಾದ್ರಿ?"

"ಲ್ಯಾಬಿನವ್ರ ತಪ್ಪಲ್ಲರಿ. ನಂದದ."

ಆಕೆ ಒಂದು ತುಂಡನ್ನು ಎತ್ತಿ ರಾಶಿಗೆ ಹಾಕಿದಳು. "ನಿಮ್ಮ ತಪ್ಪಾದ್ರ ಸುಧಾರಸ್ಲಿಕ್ಕ ಬರ್ತದಲ್ಲ. ಅವ್ರದಾಗಿದ್ರ ಬ್ಯಾರೆ ಲ್ಯಾಬ್ ಎಲ್ಲಿಂದ ತರೂದಿತ್ತು" ಅಂದಳು. ಮತ್ತೆ ಬರಲು ಒಪ್ಪಿದ್ದು ಹಾಗೆ.

ಅಸಲಿ ಬೂದು ಕಾರ್ಡು ಕೊರಿಯರಿನಲ್ಲಿ ತರಿಸಿದೆ. ಮತ್ತೆ ಅದೇ ಸ್ಟೂಲು, ಅದೇ ಟವಲು. ಆದರೆ ಈ ಸಲ ಒಂದು ನಿರ್ಧಾರ ಮಾಡಿಕೊಂಡಿದ್ದೆ. ಒಂದು ಸರಿಯಾದ ಪ್ರಿಂಟಿನ ಬೆನ್ನು ಹತ್ತಿ ಊರೂರು ಅಲೆಯುವುದನ್ನು ಬಿಡಬೇಕು. ಒಂದೇ ಲ್ಯಾಬು, ಒಂದೇ ಮಷೀನು, ಒಂದೇ ಹಾಳೆ ಇಟ್ಟುಕೊಂಡು, ಸರಿ ಅನಿಸಿದ ಬಣ್ಣದ ಸುತ್ತ ತುಸು ಹೆಚ್ಚು ಕೆಂಪು, ತುಸು ಕಡಿಮೆ, ತುಸು ಹಳದಿ, ತುಸು ಗಾಢ, ತುಸು ತಿಳಿ ಹೀಗೆ ಮಾಡಿ, ಪ್ರತಿ ಬಿಲ್ಲೆಯ ಕೆಳಗೆ ಗುರುತಿನ ಸಂಖ್ಯೆ ಹಾಕಿ ಒಂದೇ ಹಾಳೆಯಲ್ಲಿ ಹೊಡೆಸಬೇಕು. ಆರಿಸುವುದು ಪರದೆಯ ಮೇಲಲ್ಲ, ಆಕೆಯ ಕಣ್ಣಿನ ಪಕ್ಕದಲ್ಲಿಟ್ಟು.

ಲ್ಯಾಬು ಯಾವುದು ಎಂಬ ಪ್ರಶ್ನೆ ಬಂದಾಗ ಕಲಬುರಗಿಯದೇ ಹತ್ತಿರ. ಹೋದೆ. ಆಪರೇಟರ್ ನನ್ನನ್ನು ಕಂಡವನೇ ಕಂಪ್ಯೂಟರಿನ ಕಡೆ ತಿರುಗಿದ. ನಾಲ್ಕು ಗಿರಾಕಿಗಳ ಎದುರು ಬೈದದ್ದನ್ನು ಗಿರಾಕಿಗಳ ಎದುರೇ ವಾಪಸು ತೆಗೆದುಕೊಳ್ಳಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅವತ್ತು ಇಬ್ಬರೇ ಇದ್ದರು. ಅವರೆದುರೇ ಕಲ್ಲಿನ ಕಥೆ ಹೇಳಿ, ತಪ್ಪು ನನ್ನದು ಎಂದು ಒಪ್ಪಿಕೊಂಡೆ.

"ಇರ್ಲಿ ಬಿಡ್ರಿ ಮೇಡಂ. ಕಲ್ಲಿನ ತುಂಡು ನಮ್ಮ ಎಲ್ಲಾ ಫೋಟೊಗ್ರಾಫರ ಕಡೀನೂ ಅದ" ಅಂದ. "ನಾಳಿ ಮುಂಜಾನಿ ಬರ್ರಿ. ದಿನಾ ಮುಂಜಾನಿ ಟೆಸ್ಟ್ ಪಟ್ಟಿ ಹೊಡದು ಮಷೀನ್ ಲೈನಿಗೆ ತರ್ತೀವಿ. ಅದಾದ ಕೂಡ್ಲೇ ನಿಮ್ಮ ಹಾಳಿ ಹಾಕಿದ್ರ ಬಣ್ಣ ಸರಕ್ಕಂತ ಕೂಡ್ತದ."

ಮರುದಿನ ಹಾಳೆ ಹೊರಬಂತು. ಬಿಸಿಯಾಗಿತ್ತು. ತಕ್ಷಣ ನೋಡಿ ತೀರ್ಮಾನ ಮಾಡಬಾರದು, ಒಣಗಿ ತಣ್ಣಗಾದ ಮೇಲೆ ಬಣ್ಣ ನಿಲ್ಲುತ್ತದೆ. ಅಲ್ಲಿಂದ ಡಾಕ್ಟರಮ್ಮನ ಹತ್ತಿರ ಹೋದೆ. ಅವರು ಪ್ರತಿ ಬಿಲ್ಲೆಯ ಮೇಲೂ ಪಾರದರ್ಶಕ ಅಕ್ರಿಲಿಕ್ಕಿನ ಒಂದು ಹನಿ ಬಿಟ್ಟು ಗಟ್ಟಿಮಾಡಿದರು. ಹೊದಿಕೆ ಬಿದ್ದಾಗ ಎಷ್ಟು ಗಾಢವಾಗುತ್ತದೆ ಎಂಬುದು ಈಗಲೇ ಗೊತ್ತಾಗಬೇಕಿತ್ತು. ಮಧ್ಯಾಹ್ನ ಆಕೆ ಬಂದಳು.

ಬೂದು ಕಾಗದದಲ್ಲಿ ಎರಡು ತೂತು ಮಾಡಿ, ಒಂದರಲ್ಲಿ ಆಕೆಯ ಕಣ್ಣು, ಒಂದರಲ್ಲಿ ಬಿಲ್ಲೆ ಕಾಣುವಂತೆ ಹಿಡಿದು ಒಂದೊಂದೇ ನೋಡುತ್ತ ಹೋದೆವು. ಟ್ಯೂಬ್‌ಲೈಟಿನ ಕೆಳಗೆ ಡಾಕ್ಟರಮ್ಮ ಒಂದನ್ನು ಆರಿಸಿದರು. ನಿಜವಾಗಿಯೂ ತಪ್ಪು ಹುಡುಕುವಂತಿರಲಿಲ್ಲ.

"ಇದ ಫೈನಲ್" ಅಂದರು.

"ಒಂದು ಸಲ ಹೊರಗ ನೋಡೋಣ್ರಿ."

"ಎಲ್ಲಾ ಪೇಷಂಟಿಗೂ ಇಲ್ಲೇ ನೋಡಿ ಮಾಡ್ತೀನ್ರಿ ನಾ."

"ಇವ್ರು ಟ್ಯೂಬ್‌ಲೈಟಿನ ಕೆಳಗ ನಿಂದ್ರಂಗಿಲ್ಲರಿ. ಗೇಟಿನ ಮುಂದ ನಿಂದ್ರಾವ್ರು."

ಡಾಕ್ಟರಮ್ಮ ಒಂದು ಕ್ಷಣ ನನ್ನನ್ನು ನೋಡಿ, ಕೈಗವಸು ತೆಗೆದಿಟ್ಟು ಎದ್ದರು. ಮೂವರೂ ಆಸ್ಪತ್ರೆಯ ಮೆಟ್ಟಿಲಿಗೆ ಬಂದೆವು. ಒಳಗೆ ಒಪ್ಪಿದ್ದ ಬಿಲ್ಲೆ ಹೊರಗೆ ಹಸಿರುಗಟ್ಟಿತು. ಪ್ರಿಂಟಿನ ಬಣ್ಣವೇ ಬೇರೆ, ಕಣ್ಣಿನ ಬಣ್ಣವೇ ಬೇರೆ. ಒಂದು ಬೆಳಕಿನಲ್ಲಿ ಜೊತೆಯಾಗಿ ನಿಂತವು ಇನ್ನೊಂದು ಬೆಳಕಿನಲ್ಲಿ ಬೇರೆಯಾಗುತ್ತವೆ. ಎಲ್ಲ ಬೆಳಕಿಗೂ ಒಪ್ಪುವ ಪ್ರಿಂಟು ಯಾವ ಲ್ಯಾಬಿನಲ್ಲೂ ಸಿಗುವುದಿಲ್ಲ. ಯಾವ ಬೆಳಕಿಗೆ ಎಂದು ನಾವೇ ಆರಿಸಿಕೊಳ್ಳಬೇಕು. ಮೆಟ್ಟಿಲ ಮೇಲೆ ಹೋಗುವ ಬರುವ ಜನ ನಮ್ಮನ್ನು ಸುತ್ತು ಹಾಕಿ ಹೋಗುತ್ತಿದ್ದರು. ಕೊನೆಗೆ ಒಂದು ಬಿಲ್ಲೆಯನ್ನು ಹಿಡಿದಾಗ ನಾನು ಮತ್ತು ಡಾಕ್ಟರಮ್ಮ ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು. ಅದೇ ಬಿಲ್ಲೆಯನ್ನು ಹೊಸದಾಗಿ ಹೊಡೆಸಿ, ಸಣ್ಣ ಕತ್ತರಿಯಿಂದ ನಾನೇ ಕತ್ತರಿಸಿಕೊಟ್ಟೆ. ಉಸಿರು ಹಿಡಿದು ಕತ್ತರಿಸಿದೆ.

ಕೂರಿಸಿದ ದಿನ ಆಕೆ ಕನ್ನಡಿ ಹಿಡಿದು ಮತ್ತೆ ಕಿಟಕಿಗೆ ಹೋದಳು. ಈ ಸಲ ಬೇಗ ತಿರುಗಿದಳು. ಮೊದಲು ಡಾಕ್ಟರಮ್ಮನನ್ನು, ಆಮೇಲೆ ನನ್ನನ್ನು ನೋಡಿದಳು. ನಾವು ಎಲ್ಲಿ ನೋಡುತ್ತೇವೆ ಎಂದು ಆಕೆ ಪರೀಕ್ಷೆ ಮಾಡುತ್ತಿದ್ದಳು ಎಂಬುದು ನನಗೆ ಸ್ವಲ್ಪ ತಡವಾಗಿ ಹೊಳೆಯಿತು. ಕನ್ನಡಕವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡು ಹೋದಳು.

ಆಮೇಲೆ ಆಕೆ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ. ಗೇಟಿನ ಮುಂದೆ ಮತ್ತೆ ನಿಲ್ಲಿಸಿದ್ದಾರಂತೆ ಎಂದು ಡಾಕ್ಟರಮ್ಮ ಒಮ್ಮೆ ಫೋನಿನಲ್ಲಿ ಹೇಳಿದರು. ಖುಷಿಯಾಯಿತು. ಆ ಸಂಜೆ ಪರದೆಯ ಮೇಲಿನ ಕಣ್ಣನ್ನು ಮುಚ್ಚಿ, ಫೈಲನ್ನು ಬೇರೆ ಡಿಸ್ಕಿಗೆ ಹಾಕಿಟ್ಟು, ಗೋಡೆ ನೋಡುತ್ತ ಊಟ ಮಾಡಿದೆ. ಕೆಲಸ ಚೆನ್ನಾಗಿ ಮುಗಿದರೆ ಮನೆ ಇಷ್ಟು ಖಾಲಿಯಾಗುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಒಂದೆರಡು ತಿಂಗಳಾಗಿರಬೇಕು. ಶಹಾಬಾದದಲ್ಲಿ ಒಂದು ಅಂಗಡಿಯ ಫೋಟೊ ತೆಗೆದು, ಮಧ್ಯಾಹ್ನ ಚಿತಾಪುರದ ತೊಟ್ಟಿಲು ಕಾರ್ಯಕ್ರಮಕ್ಕೆ ಹೋಗಲು ಬಸ್‌ಸ್ಟ್ಯಾಂಡಿಗೆ ಬಂದೆ. ಬೆಂಚಿನ ಮೇಲೆ ಆಕೆ ಒಬ್ಬಳೇ ಕೂತಿದ್ದಳು. ಕನ್ನಡಕ ಇರಲಿಲ್ಲ. ಎದೆ ಢವಢವ ಅಂದಿತು, ಆ ವಯಸ್ಸಿನಲ್ಲೂ. ಬೆಂಚಿನ ಹಿಂದಿನಿಂದ ಬಂದು ಆಕೆಯ ಎಡಗಡೆ ಸ್ವಲ್ಪ ದೂರ ಬಿಟ್ಟು ಕೂತು, ಬ್ಯಾಗು ಕಾಲ ಬಳಿ ಇಟ್ಟು, ಮಾತಾಡಿಸಲಿ ಎಂದು ಕಾದೆ. ಮೊದಲು ಆಕೆಯೇ ಮಾತಾಡಿಸಬೇಕು ಎಂಬ ಹಟವೂ ಇತ್ತು ಅನ್ನಿ.

ಬಸ್ಸಿನ ಸದ್ದು ಕೇಳಿ ಆಕೆಯ ಕತ್ತು ತುಸು ಈ ಕಡೆ ವಾಲಿತು. ಆ ಕಂದು ಕಣ್ಣು ನನ್ನ ಮೇಲೆ ನಿಂತಿತು. ನಾನು ನಕ್ಕೆ. ಆಕೆ ನಗಲಿಲ್ಲ. ಕತ್ತು ಮತ್ತೆ ಮುಂದಕ್ಕೆ ತಿರುಗಿತು. ಆ ಬಸ್ಸು ಬೇರೆ ಊರಿನದು.

ಆಯಿತು, ಕೆಲಸ ಮುಗಿಯಿತಲ್ಲ, ಇನ್ನು ಗುರುತು ಯಾಕೆ ಎಂದುಕೊಂಡೆ. ಮೂರು ಊರು ಅಲೆದದ್ದು, ಲ್ಯಾಬಿನವನ ಎದುರು ತಲೆ ತಗ್ಗಿಸಿದ್ದು ಎಲ್ಲ ನೆನಪಾಗಿ ಕೆನ್ನೆ ಬಿಸಿಯಾಯಿತು. ಫೋನು ತೆಗೆದು, ನೋಡುವುದೇನೂ ಇಲ್ಲದಿದ್ದರೂ ನೋಡುತ್ತ ಕೂತೆ. ಎದ್ದು ಬೇರೆ ಬೆಂಚಿಗೆ ಹೋಗೋಣ ಎಂದೂ ಅನಿಸಿತು. ಹೋಗಲಿಲ್ಲ.

ಆಕೆಯ ಬಸ್ಸು ಬಂತು. ಎದ್ದವಳು ಚೀಲ ಎತ್ತಿಕೊಳ್ಳಲು ಪೂರ್ತಿ ಈ ಕಡೆ ತಿರುಗಿದಳು. ನನ್ನ ಮುಖ ಕಂಡದ್ದೇ ತಡ ಚೀಲವನ್ನು ಅಲ್ಲೇ ಬಿಟ್ಟಳು.

"ಅಯ್ಯ, ಅಕ್ಕ, ಯಾವಾಗ ಬಂದ್ರಿ? ಎಷ್ಟೊತ್ತಾತು ಕುಂತು? ಕರೀಬಾರದೇನ್ರಿ. ಈ ಬಾಜೂ ಕುಂತ್ರ ನನಗ ಕಾಣಂಗಿಲ್ಲಲ್ಲ, ಮರ್ತ್ರೇನು?"

"ಹೌದ್ರಿ" ಅಂದೆ. "ಮರ್ತಿದ್ದೆ."

ಆಕೆ ನನ್ನ ಕಣ್ಣಲ್ಲಿ ಕಣ್ಣಿಟ್ಟು ನಗುತ್ತ ನಿಂತಿದ್ದಳು, ಕಂಡಕ್ಟರ್ ಸೀಟಿ ಹೊಡೆದರೂ. ಆ ಬಿಲ್ಲೆಯನ್ನು ಕತ್ತರಿಸಿಕೊಟ್ಟವಳು ನಾನು. ಅದು ನನ್ನನ್ನು ನೋಡಿಯೂ ನೋಡದಂತೆ ತಿರುಗಿಕೊಂಡಿತೆಂದು ಅಷ್ಟು ಹೊತ್ತು ಮುನಿಸಿಕೊಂಡು ಕೂತಿದ್ದವಳೂ ನಾನೇ.